ದಯವಿಟ್ಟು ಆ ನೀರನ್ನು ಹಾಗೇ ಬಿಡಿ

ಊರಿಂದ ನೆಂಟರು ಬಂದರೆ ಅವರನ್ನು ಡೆನ್ಮಾರ್ಕಿನ ಫ್ಯೂನ್ ದ್ವೀಪದ ಎಗೆಸ್ಕೊವ್‌ಗೆ ಕರೆದುಕೊಂಡು ಹೋಗುತ್ತೇನೆ. ಕೆರೆಯ ನಡುವೆ ನಿಂತ ಕೆಂಪು ಇಟ್ಟಿಗೆಯ ಜಮೀನ್ದಾರಿ ಮನೆ ಅದು. ಎಲ್ಲರದ್ದೂ ಒಂದೇ ಪ್ರಶ್ನೆ: "ಕೆಳಗಿರೋದು ಮರದ ಕಂಬ ಅಂತೀಯ, ನೀರಲ್ಲಿ ಕೊಳೆಯಲ್ವಾ? ನೀರು ಖಾಲಿ ಮಾಡಿಸಬಾರದಾ?" ನೆಂಟರು ಕೇಳಿದರೆ ಪರವಾಗಿಲ್ಲ. ಹಳೇ ಕಟ್ಟಡಗಳ ಮಾಲೀಕರೇ ಕೇಳಿದಾಗ ತಾಳ್ಮೆ ಕೆಡುತ್ತದೆ.

ಎಗೆಸ್ಕೊವ್ ಕಟ್ಟಿಸಿದವರು ಫ್ರಾನ್ಸ್ ಬ್ರೊಕೆನ್‌ಹುಸ್. ಮುಗಿದದ್ದು 1554ರಲ್ಲಿ. 1534ರಿಂದ 36ರವರೆಗೆ ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು, ಆ ಭಯ ಇನ್ನೂ ಆರಿರಲಿಲ್ಲ. ಹಾಗಾಗಿ ಬೆನ್ನಿಗೆ ಬೆನ್ನು ಹಚ್ಚಿ ಎರಡು ಉದ್ದ ಮನೆ ಕಟ್ಟಿಸಿದರು. ನಡುವಿನ ದಪ್ಪ ಗೋಡೆಯೊಳಗೆ ಗುಟ್ಟಿನ ಮೆಟ್ಟಿಲು, ಒಂದು ಬಾವಿ. ಶತ್ರು ಒಂದು ಮನೆ ಹಿಡಿದರೆ ಇನ್ನೊಂದಕ್ಕೆ ಸರಿದುಕೊಂಡು ಕಾದಾಡಬಹುದು, ಕುಡಿಯುವ ನೀರಿಗೂ ಹೊರಗೆ ಬರಬೇಕಿಲ್ಲ. ಎಗೆಸ್ಕೊವ್ ಅಂದರೆ ಓಕ್ ಕಾಡು. ಅಡಿಪಾಯಕ್ಕೆ ಇಡೀ ಕಾಡೇ ಖರ್ಚಾಯಿತು ಅಂತ ಅಲ್ಲಿಯವರು ಹೇಳುತ್ತಾರೆ.

ಈಗ ಆ ಕಂಬಗಳ ವಿಷಯ. ಮರವನ್ನು ಕೊಳೆಸುವುದು ಬೂಷ್ಟು. ಅದಕ್ಕೆ ತೇವ ಬೇಕು, ಜೊತೆಗೆ ಗಾಳಿಯೂ ಬೇಕು. ಪೂರ್ತಿ ಮುಳುಗಿದ ಮರಕ್ಕೆ ಗಾಳಿ ಸಿಗಲ್ಲ, ಆದ್ದರಿಂದ ಬೂಷ್ಟೂ ಬದುಕಲ್ಲ. ಮತ್ತೊಮ್ಮೆ ಹೇಳುತ್ತೇನೆ: ಮುಳುಗಿದ ಮರ ಉಳಿಯುತ್ತದೆ, ಒಮ್ಮೆ ಒದ್ದೆ ಒಮ್ಮೆ ಒಣ ಆಗುವ ಮರ ಹಾಳಾಗುತ್ತದೆ. ಹಾಗಂತ ನೀರೊಳಗಿನದೆಲ್ಲ ಶಾಶ್ವತ ಅಂತಲ್ಲ. ಕೆಲವು ಬ್ಯಾಕ್ಟೀರಿಯಾ ಅಲ್ಲೂ ಮೆಲ್ಲಗೆ ಮರ ತಿನ್ನುತ್ತವೆ. ಪರೀಕ್ಷೆ ಮಾಡಿಸದೆ ನಾನು ಯಾವ ಕಟ್ಟಡಕ್ಕೂ ಭರವಸೆ ಕೊಡಲ್ಲ.

ಒಬ್ಬ ಅಜ್ಜಿ ಇದ್ದರು, ತುಂಬಾ ಒಳ್ಳೆಯವರು. ಅವರ ಮನೆಯೂ ಮರದ ಕಂಬಗಳ ಮೇಲೇ ನಿಂತಿತ್ತು. ನೆಲಮಾಳಿಗೆಯ ತೇವಕ್ಕೆ ಬೇಸತ್ತು ಪಂಪ್ ಹಾಕಿಸಿ, ವರ್ಷಗಟ್ಟಲೆ ಓಡಿಸಿದರು. ನೆಲಮಾಳಿಗೆ ಒಣಗಿತು. ಆಮೇಲೆ ಬಾಗಿಲು ಹಿಡಿದುಕೊಳ್ಳತೊಡಗಿತು, ಗೋಡೆಯಲ್ಲಿ ಓರೆ ಬಿರುಕು ಬಂತು. ಒಂದು ಮೂಲೆಯಲ್ಲಿ ಅಗೆಸಿದೆವು. ಕಂಬದ ತಲೆಗೆ ಸ್ಕ್ರೂಡ್ರೈವರ್ ಒತ್ತಿದೆ. ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಹಿಡಿಯವರೆಗೆ ಇಳಿಯಿತು. ಎರಡು ಅಡಿ ಕೆಳಗೆ, ಇನ್ನೂ ನೀರಿದ್ದ ಕಡೆ, ಅದೇ ಕಂಬಕ್ಕೆ ಅದೇ ಸ್ಕ್ರೂಡ್ರೈವರ್ ಒತ್ತಿದೆ. ಗೀರಷ್ಟೇ ಬಿತ್ತು. ಅಜ್ಜಿ ಬಗ್ಗಿ ಆ ಗೀರನ್ನು ಬೆರಳಿಂದ ಸವರಿ ನೋಡಿದರು. ಒಳಗೆ ಹೋಗಿ ತಾವೇ ಪಂಪ್ ಆಫ್ ಮಾಡಿದರು.