ಗೋಡೆ ಬಿದ್ದ ದಿನವೇ ಇಟ್ಟಿಗೆ ಎತ್ತಿಸಬೇಡಿ

ಮಂಡ್ಯ ಕಡೆಯ ಒಬ್ಬ ತಾಯಿ ನಮ್ಮ ವಕೀಲಿ ಆಫೀಸಿಗೆ ಬಂದಿದ್ದರು. ಕಬ್ಬಿನ ಟ್ರ್ಯಾಕ್ಟರ್ ತಿರುಗಿಸುವಾಗ ಟ್ರೈಲರ್ ಗುದ್ದಿ ಅವರ ಮನೆಯ ಕಾಂಪೌಂಡ್ ಹದಿನೈದು ಅಡಿ ಬಿದ್ದಿತ್ತು, ಗೇಟಿನ ಕಂಬವೂ ಹೋಗಿತ್ತು. "ಕಟ್ಟಿಸ್ಕೊಡ್ತೀನಿ ಅಕ್ಕಾ, ಪೊಲೀಸ್ ಗಿಲೀಸ್ ಯಾಕೆ" ಅಂದನಂತೆ ಡ್ರೈವರ್. ಇವರೂ ನಂಬಿದರು. ಮನೇಲಿ ನಾಮಕರಣ ಇತ್ತು ಅಂತ ಮರುದಿನವೇ ಇಟ್ಟಿಗೆ ಚೂರೆಲ್ಲ ಎತ್ತಿಸಿಬಿಟ್ಟರು. ಐದು ತಿಂಗಳಾದ ಮೇಲೆ ಟ್ರ್ಯಾಕ್ಟರ್ ಮಾಲೀಕ ಹೇಳಿದ್ದು ಒಂದೇ ಮಾತು: ನಮ್ಮ ಗಾಡಿ ಆ ಬೀದಿಗೇ ಬಂದಿಲ್ಲ.

ಆ ಮಾತು ಕೇಳಿದರೆ ನನಗೇ ಹೊಟ್ಟೆ ಉರಿಯುತ್ತದೆ, ಅವರಿಗೆ ಹೇಗಾಗಿರಬೇಡ.

ವಾಹನ ಅಪಘಾತದ ಪರಿಹಾರ ಅಂದರೆ ಸಾವು, ಗಾಯಕ್ಕೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಆಸ್ತಿಯ ಮಾಲೀಕರೂ ಇಂಥ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ, ಅಂದರೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಗೋಡೆ, ಪೆಟ್ಟಿಗೆ ಅಂಗಡಿ, ರಸ್ತೆ ಬದಿ ಕಟ್ಟಿದ್ದ ಹಸು, ಎಲ್ಲವೂ ಆಸ್ತಿಯೇ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ಟ್ರಿಬ್ಯೂನಲ್‌ನಲ್ಲೇ ಹಾಕಬಹುದು. ಆದರೆ ತಿದ್ದುಪಡಿಯಾದ ಕಾಯ್ದೆ, 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಗಡುವು ಹಾಕಿದೆ. ರಾಜಿ ಮಾತುಕತೆ ಅಂತ ಎಳೆಯುವವರಿಗೆ ಈ ಗಡುವು ಚೆನ್ನಾಗಿ ಗೊತ್ತಿರುತ್ತದೆ.

ಹಾಗಾಗಿ ಮೊದಲು ಫೋಟೋ. ಬಿದ್ದ ಗೋಡೆ ಮತ್ತು ಗಾಡಿ ಒಂದೇ ಚಿತ್ರದಲ್ಲಿ ಬರಲಿ. ಟ್ರ್ಯಾಕ್ಟರ್‌ಗೆ ಒಂದು ನಂಬರ್, ಟ್ರೈಲರ್‌ಗೆ ಬೇರೆ ನಂಬರ್ ಇರುತ್ತದೆ, ಇನ್ಶೂರೆನ್ಸ್ ಕೂಡ ಬೇರೆ ಇರಬಹುದು, ಎರಡೂ ಪ್ಲೇಟ್ ಹಿಡಿಯಿರಿ. ಆಮೇಲೆ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ, ಮಹಜರು (ಪೊಲೀಸರು ಸಾಕ್ಷಿಗಳ ಮುಂದೆ ಸ್ಥಳ ನೋಡಿ ಬರೆದುಕೊಳ್ಳುವ ವರದಿ) ಮಾಡಿಸಿ. ಅದಾದ ಮೇಲೆ ಇಟ್ಟಿಗೆ ಎತ್ತಿಸಿ. ಬಾಯಿಮಾತಿನ ಲೆಕ್ಕ ನಿಲ್ಲುವುದಿಲ್ಲ, ಎಂಜಿನಿಯರ್ ಎಸ್ಟಿಮೇಟ್, ಸಿಮೆಂಟ್-ಕಬ್ಬಿಣದ ಬಿಲ್, ಕೂಲಿ ಕೊಟ್ಟ ರಸೀದಿ ಬೇಕು. ಸ್ವಲ್ಪ ದುಡ್ಡು ಕೊಟ್ಟು "ಇನ್ನೇನೂ ಬಾಕಿ ಇಲ್ಲ" ಅಂತ ಬರೆದ ಕಾಗದ ಮುಂದಿಟ್ಟರೆ ಸುಮ್ನೆ ಸಹಿ ಹಾಕಬೇಡಿ. ವಕೀಲರ ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಆ ತಾಯಿ ಬಂದಾಗ ಗಡುವಿಗೆ ಹದಿನೆಂಟು ದಿನ ಉಳಿದಿತ್ತು. ಫೋಟೋ ಒಂದೂ ಇಲ್ಲ ಅಂದರು. ಮಗಳ ಫೋನ್ ಹುಡುಕಿಸಿದೆ. ಗೋಡೆಗೆ ರೇಟ್ ಕೇಳಲು ಅವತ್ತೇ ಮೇಸ್ತ್ರಿಗೆ ವಾಟ್ಸಾಪ್ ಮಾಡಿದ್ದ ಒಂದು ಫೋಟೋ ಸಿಕ್ಕಿತು. ಮೂಲೆಯಲ್ಲಿ ಟ್ರೈಲರ್ ಹಿಂಭಾಗ, ಧೂಳು ಮೆತ್ತಿದ ನಂಬರ್. ಅರ್ಜಿ ಅದೇ ವಾರ ಹಾಕಿದೆವು.