ಎಸ್‌ಎಟಿ ಅಳೆಯುವುದು ಏನನ್ನು?

ಅಮೆರಿಕದಲ್ಲಿ ಒಳ್ಳೆ ಕಾಲೇಜಿಗೆ ಸೇರಬೇಕಾದರೆ ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಬೇಕೇ ಬೇಕು ಅನ್ನುವ ಕಾಲವೊಂದಿತ್ತು. 2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ನೂರಾರು ಕಾಲೇಜುಗಳು ಆ ಷರತ್ತನ್ನು ಕೈಬಿಟ್ಟವು. ಅಂಕ ಇದ್ದರೆ ಕೊಡಿ, ಇಲ್ಲದಿದ್ದರೆ ಬೇಡ ಅಂದವು. ಈಗ ಕೆಲವು ದೊಡ್ಡ ಹೆಸರಿನ ಕಾಲೇಜುಗಳು ಮತ್ತೆ ಅಂಕ ಕೇಳುತ್ತಿವೆ. ಪರೀಕ್ಷೆ ನ್ಯಾಯವಾದದ್ದೋ ಅಲ್ಲವೋ ಎಂಬ ಈ ಜಗಳಕ್ಕೆ ನೂರು ವರ್ಷ ವಯಸ್ಸಾಗಿದೆ. ವಿಚಿತ್ರ ಏನೆಂದರೆ, ಮಕ್ಕಳು ಏನು ಕಲಿತಿದ್ದಾರೆ ಅಂತ ನೋಡುವುದಕ್ಕೆ ಎಸ್‌ಎಟಿಯನ್ನು ಮಾಡಿರಲೇ ಇಲ್ಲ.

ಕಲಿತದ್ದನ್ನು ಕೇಳುವ ಪರೀಕ್ಷೆ ಅದಕ್ಕೂ ಮೊದಲೇ ಇತ್ತು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1901ರಲ್ಲಿ ತನ್ನ ಮೊದಲ ಪ್ರವೇಶ ಪರೀಕ್ಷೆ ನಡೆಸಿತು. ಲ್ಯಾಟಿನ್, ಗ್ರೀಕ್, ಇತಿಹಾಸ, ಗಣಿತ ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು ಪತ್ರಿಕೆ. ಉತ್ತರವನ್ನು ವಿಸ್ತಾರವಾಗಿ ಬರೆಯಬೇಕಿತ್ತು. ಬರೆದವರು ಸಾವಿರಕ್ಕಿಂತ ಕಡಿಮೆ. ಗ್ರೀಕ್ ಕಲಿಸದ ಊರಿನ ಶಾಲೆಯಲ್ಲಿ ಓದಿದ ಹುಡುಗ ಎಷ್ಟೇ ಜಾಣನಾಗಿದ್ದರೂ ಗ್ರೀಕ್ ಪತ್ರಿಕೆಯಲ್ಲಿ ಏನು ಬರೆದಾನು?

ಆಮೇಲೆ ಮೊದಲ ಮಹಾಯುದ್ಧ ಬಂತು. ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕ್ಸ್ ಮುಂದಾಳತ್ವದಲ್ಲಿ ಅಮೆರಿಕದ ಸೇನೆ ಸುಮಾರು 17 ಲಕ್ಷ ಜನರಿಗೆ ಬುದ್ಧಿಮತ್ತೆಯ ಪರೀಕ್ಷೆ ಕೊಟ್ಟಿತು. ಆ ಕೆಲಸದಲ್ಲಿದ್ದ ಪ್ರಿನ್ಸ್‌ಟನ್‌ನ ಕಾರ್ಲ್ ಬ್ರಿಗಮ್ 1923ರಲ್ಲಿ ಒಂದು ಪುಸ್ತಕ ಬರೆದರು. ಉತ್ತರ ಯುರೋಪಿನ ಮೂಲದವರೇ ಹುಟ್ಟಿನಿಂದ ಹೆಚ್ಚು ಬುದ್ಧಿವಂತರು ಎಂದು ಅದರಲ್ಲಿ ವಾದಿಸಿದರು. ಅದೇ ಸೇನಾ ಪರೀಕ್ಷೆಯ ಜಾಡಿನಲ್ಲಿ ಅವರು ಕಾಲೇಜ್ ಬೋರ್ಡ್‌ಗಾಗಿ ರೂಪಿಸಿದ ಎಸ್‌ಎಟಿಯನ್ನು 1926ರ ಜೂನ್‌ನಲ್ಲಿ ಸುಮಾರು 8,000 ಮಂದಿ ಬರೆದರು. ಹೆಸರಿನಲ್ಲೇ 'ಆಪ್ಟಿಟ್ಯೂಡ್' ಇತ್ತು. ಅಂದರೆ ಓದಿನಿಂದ ಬಂದದ್ದಲ್ಲ, ಸ್ವಂತದ್ದೇ ಆದ ಚುರುಕು.

ಬ್ರಿಗಮ್ ಅವರ ಮುಂದಿನ ಕಥೆಯನ್ನು ಜಾಸ್ತಿ ಜನ ಹೇಳುವುದಿಲ್ಲ. 1930ರಲ್ಲಿ ಅವರು ತಮ್ಮ ಪುಸ್ತಕದ ವಾದ ನಿಲ್ಲುವಂಥದ್ದಲ್ಲ ಎಂದು ತಾವೇ ಬರೆದು ಹಿಂದೆ ಸರಿದರು. ಶಾಲೆ, ಮನೆಯ ವಾತಾವರಣ, ಇಂಗ್ಲಿಷಿನ ರೂಢಿ ಎಲ್ಲವೂ ಸೇರಿಯೇ ಅಂಕ ಆಗುತ್ತದೆ ಎಂಬುದು ಅವರ ಕೊನೆಯ ನಿಲುವು. ನನಗೆ ಕೇಳಿದರೆ ಇವತ್ತಿನ ಚರ್ಚೆಯ ಅರ್ಧ ಉತ್ತರ ಅಲ್ಲೇ ಇದೆ. ಆದರೆ ಅಷ್ಟರಲ್ಲಿ ಪರೀಕ್ಷೆ ಅವರ ಕೈ ಮೀರಿ ಬೆಳೆದಿತ್ತು.

ಅದನ್ನು ಬೆಳೆಸಿದವರು ಬಡವರ ವಿರೋಧಿಗಳೇನೂ ಅಲ್ಲ. ಹಾರ್ವರ್ಡ್‌ನ ಅಧ್ಯಕ್ಷ ಜೇಮ್ಸ್ ಬ್ರ್ಯಾಂಟ್ ಕಾನಂಟ್ ಅವರಿಗೆ ಶ್ರೀಮಂತ ಶಾಲೆಗಳ ಹುಡುಗರಷ್ಟೇ ತಮ್ಮಲ್ಲಿಗೆ ಬರುವುದು ಸರಿಕಾಣಲಿಲ್ಲ. ದೂರದ ಊರುಗಳ ಸಾಮಾನ್ಯ ಶಾಲೆಯ ಜಾಣರನ್ನು ಹುಡುಕುವ ಕೆಲಸವನ್ನು ಹೆನ್ರಿ ಚಾನ್ಸಿ ಎಂಬ ಸಹಾಯಕ ಡೀನ್‌ಗೆ ಒಪ್ಪಿಸಿದರು. ಚಾನ್ಸಿ ಆರಿಸಿಕೊಂಡದ್ದು ಎಸ್‌ಎಟಿಯನ್ನು. ಶಾಲೆಯಲ್ಲಿ ಏನು ಕಲಿಸಿದ್ದಾರೆ ಅನ್ನುವುದನ್ನು ಅದು ಕೇಳುವುದಿಲ್ಲ, ಹಾಗಾಗಿ ಅದೇ ನ್ಯಾಯ ಎಂಬುದು ಅವರ ಲೆಕ್ಕ. 1947ರಲ್ಲಿ ಪರೀಕ್ಷೆ ನಡೆಸಲೆಂದೇ ಇಟಿಎಸ್ ಸಂಸ್ಥೆ ಹುಟ್ಟಿತು. ಚಾನ್ಸಿ ಅದರ ಮೊದಲ ಅಧ್ಯಕ್ಷರಾದರು.

1959ರಲ್ಲಿ ಅಯೋವ ವಿಶ್ವವಿದ್ಯಾಲಯದ ಇ.ಎಫ್. ಲಿಂಡ್‌ಕ್ವಿಸ್ಟ್ ಸರಿಯಾಗಿ ಉಲ್ಟಾ ದಾರಿ ಹಿಡಿದರು. ಅವರ ಎಸಿಟಿ, ಶಾಲೆಯಲ್ಲಿ ಕಲಿತದ್ದನ್ನೇ ಕೇಳಬೇಕೆಂದು ಹೊರಟ ಪರೀಕ್ಷೆ.

ಇತ್ತ ಬ್ರೂಕ್ಲಿನ್‌ನಲ್ಲಿ ಸ್ಟ್ಯಾನ್ಲಿ ಕಪ್ಲನ್ ಮನೆಪಾಠದಿಂದ ಶುರುಮಾಡಿ, 1940ರ ದಶಕದಲ್ಲಿ ಎಸ್‌ಎಟಿಗೂ ಕೋಚಿಂಗ್ ಕೊಡತೊಡಗಿದರು. ಕೋಚಿಂಗ್‌ನಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ ಅಂತ ಪರೀಕ್ಷೆ ನಡೆಸುವವರು ಹೇಳುತ್ತಲೇ ಬಂದರು. ಹಾಗೆ ಹೇಳದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಸ್ವಂತ ಚುರುಕನ್ನು ಅಳೆಯುತ್ತೇವೆ ಅಂದಮೇಲೆ ದುಡ್ಡು ಕೊಟ್ಟು ಅದನ್ನು ಹೆಚ್ಚಿಸಿಕೊಳ್ಳಬಹುದು ಅಂತ ಒಪ್ಪುವುದಾದರೂ ಹೇಗೆ? ಆದರೆ 1979ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವ್ಯಾಪಾರ ಆಯೋಗ ನಡೆಸಿದ ತನಿಖೆಯಲ್ಲಿ ಕೋಚಿಂಗ್‌ನಿಂದ ಅಂಕ ಸ್ವಲ್ಪ ಏರುತ್ತದೆ ಎಂದು ಕಂಡುಬಂತು. ಅಂಕ ಬೆಟ್ಟದಷ್ಟೇನೂ ಏರುತ್ತಿರಲಿಲ್ಲ, ಆದರೆ ಲಾಭ ಇಲ್ಲ ಎಂಬ ಹಳೆಯ ಮಾತು ಮಾತ್ರ ಸುಳ್ಳಾಯಿತು.

ಪ್ರಶ್ನೆಗಳ ಮೇಲೂ ಕಣ್ಣು ಬಿತ್ತು. 'ಓಟಗಾರನಿಗೆ ಮ್ಯಾರಥಾನ್ ಹೇಗೋ ಹಾಗೆ ಯಾರಿಗೆ ಏನು' ಎಂಬ ಥರದ ಪ್ರಶ್ನೆಯೊಂದಕ್ಕೆ 'ದೋಣಿಯ ಹುಟ್ಟು ಹಾಕುವವನಿಗೆ ರೆಗಾಟಾ' ಎಂಬುದು ಸರಿಯುತ್ತರ. ರೆಗಾಟಾ ಅಂದರೆ ದೋಣಿ ಪಂದ್ಯ. ದೋಣಿ ಕ್ಲಬ್ ಇರುವ ಮನೆತನದ ಮಕ್ಕಳಿಗೆ ಅದು ದಿನದ ಮಾತು. ಉಳಿದವರ ಪಾಲಿಗೆ ತರ್ಕಶಕ್ತಿ ಇದ್ದೂ ಉಪಯೋಗವಿಲ್ಲ.

2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್‌ಸನ್ ಎಸ್‌ಎಟಿಯನ್ನು ಬಿಡೋಣ ಅಂದರು. ಅವರು ಸ್ವತಃ ಮನಶ್ಶಾಸ್ತ್ರಜ್ಞರು. ಒಂದು ಖಾಸಗಿ ಶಾಲೆಯಲ್ಲಿ 12 ವರ್ಷದ ಮಕ್ಕಳು ಇಂಥ ಪದಜೋಡಿಗಳ ಪಟ್ಟಿ ಉರುಹೊಡೆಯುವುದನ್ನು ಅವರು ನೋಡಿದ್ದರು. ಅಷ್ಟು ದೊಡ್ಡ ಗಿರಾಕಿ ಕೈತಪ್ಪುವ ಸೂಚನೆ ಸಿಕ್ಕಿದ್ದೇ ತಡ, ಕಾಲೇಜ್ ಬೋರ್ಡ್ ಪರೀಕ್ಷೆಯನ್ನೇ ಬದಲಿಸಲು ಹೊರಟಿತು. 2005ರಲ್ಲಿ ಪದಜೋಡಿ ಹೋಯಿತು, ಪ್ರಬಂಧ ಬಂತು. ಎಂಐಟಿಯ ಲೆಸ್ ಪೆರೆಲ್‌ಮನ್ ಮಾದರಿ ಪ್ರಬಂಧಗಳನ್ನು ಇಟ್ಟುಕೊಂಡು ನೋಡಿದರೆ, ಉದ್ದ ಬರೆದವರಿಗೆ ಅಂಕ ಜಾಸ್ತಿ ಬಿದ್ದಿತ್ತು! 2016ರಲ್ಲಿ ಪ್ರಬಂಧ ಐಚ್ಛಿಕವಾಯಿತು, 2021ರಲ್ಲಿ ಬಹುತೇಕ ಮಾಯವಾಯಿತು. ಈ ಹೊತ್ತಿಗೆ ಎಸ್‌ಎಟಿ ತನಗೆ ಉಲ್ಟಾ ಹೊರಟಿದ್ದ ಎಸಿಟಿಯ ಹಾಗೇ ಆಗಿಬಿಟ್ಟಿತ್ತು. 'ಆಪ್ಟಿಟ್ಯೂಡ್' ಹೆಸರಂತೂ 1990ರ ದಶಕದಲ್ಲೇ ಹೋಗಿತ್ತು.

ಹಾಗಾದರೆ ಈಗ ನ್ಯಾಯವಾಯಿತಾ? ಹಾರ್ವರ್ಡ್‌ನ ಆಪರ್ಚುನಿಟಿ ಇನ್‌ಸೈಟ್ಸ್ ಸಂಶೋಧಕರ 2023ರ ಲೆಕ್ಕದಂತೆ, 1600ಕ್ಕೆ 1300 ಅಥವಾ ಅದಕ್ಕಿಂತ ಜಾಸ್ತಿ ಪಡೆಯುವ ಸಾಧ್ಯತೆ ಬಡವರ ಮಕ್ಕಳಿಗಿಂತ ಅತಿ ಶ್ರೀಮಂತ ಶೇಕಡಾ 1 ಕುಟುಂಬಗಳ ಮಕ್ಕಳಿಗೆ 13 ಪಟ್ಟು ಹೆಚ್ಚು. ಇದನ್ನು ಪ್ರಶ್ನೆಪತ್ರಿಕೆಯ ತಪ್ಪು ಅಂತ ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗಣಿತ ಸರಿಯಾಗಿ ಹೇಳಿಕೊಡದ ಶಾಲೆಯ ಮಗುವಿಗೆ ಗಣಿತದಲ್ಲಿ ಕಡಿಮೆ ಬಂದರೆ ಪರೀಕ್ಷೆ ಸುಳ್ಳು ಹೇಳಿದಂತಾಗುವುದಿಲ್ಲ. ಆ ಮಗುವಿಗೆ ಮೋಸ ಆಗಿದ್ದು ಅದಕ್ಕೂ ಹತ್ತು ವರ್ಷ ಮೊದಲು. ಅಂಕವನ್ನು 'ಯೋಗ್ಯತೆ' ಅಂತ ಓದುವುದೇ ದೊಡ್ಡ ತೊಂದರೆ. ಇನ್ನು ಅಂಕ ಬೇಡ ಅಂದರೆ ಉಳಿಯುವುದೇನು? ಶಾಲೆಯ ಗ್ರೇಡು, ಶಿಫಾರಸು ಪತ್ರ, ದುಡ್ಡು ಕೊಟ್ಟು ತಿದ್ದಿಸಿಕೊಂಡ ಪ್ರಬಂಧ. ಅವುಗಳಿಗೂ ಹಣದ ವಾಸನೆ ಇದೆ, ಅಲ್ವಾ?

2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರ ಸಮಿತಿ, ಕಾಲೇಜಿನ ಮೊದಲ ವರ್ಷದ ಸಾಧನೆಯನ್ನು ಊಹಿಸಲು ಈ ಅಂಕಗಳು ನೆರವಾಗುತ್ತವೆ ಎಂದು ವರದಿ ಕೊಟ್ಟಿತು. ಆಡಳಿತ ಮಂಡಳಿ ಅದೇ ವರ್ಷ ಅಂಕಗಳನ್ನು ಕೈಬಿಡುವ ತೀರ್ಮಾನ ಮಾಡಿತು. ಎಂಐಟಿ 2022ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್ ಕಾಲೇಜು ಅದೇ ದಾರಿ ಹಿಡಿಯಿತು. ಅಲ್ಲಿನ ಸಂಶೋಧಕರು ಕಂಡದ್ದು ಹೀಗೆ: ಅಂಕ ಕೊಡುವುದು ಇಷ್ಟಕ್ಕೆ ಬಿಟ್ಟದ್ದಾಗ, 1400ರ ಆಸುಪಾಸು ಬಂದಿದ್ದ ಬಡ ಕುಟುಂಬದ ಮಕ್ಕಳು ಇದು ಸಾಲದು ಅಂದುಕೊಂಡು ಅಂಕವನ್ನು ಮುಚ್ಚಿಟ್ಟಿದ್ದರು. ಅವರು ಓದಿದ ಶಾಲೆಯ ಸರಾಸರಿಯ ಪಕ್ಕದಲ್ಲಿಟ್ಟು ನೋಡಿದರೆ ಆ ಅಂಕವೇ ಅವರಿಗೆ ಸೀಟು ಕೊಡಿಸುವಂತಿತ್ತು.