ಕಮರಿಚಿತ್ರದ ಹೊನ್ನಬಣ್ಣ: ಎಲೆಯದೋ, ವಾರ್ನಿಷ್‌ನದೋ?

ಪ್ರಶ್ನೆ: ವಿಕ್ಟೋರಿಯಾ ಕಾಲದ ತೈಲಚಿತ್ರಗಳಲ್ಲಿ ಶರತ್ಕಾಲದ ಕಾಡು, ನದಿಯ ಕಮರಿ ಎಲ್ಲವೂ ಕಂದುಹೊನ್ನಿನ ಬಣ್ಣದಲ್ಲಿ ಮುಳುಗಿರುತ್ತವೆ. ಕಲಾವಿದರು ಬರೆದದ್ದೇ ಹಾಗೋ?

ಉತ್ತರ: ಸ್ವಲ್ಪ ಅವರದು, ಉಳಿದದ್ದು ವಯಸ್ಸಿನದು. ಆಗ ಚಿತ್ರದ ಮೇಲೆ ಸಾಮಾನ್ಯವಾಗಿ ಮಾಸ್ಟಿಕ್ ಅಥವಾ ಡಾಮರ್ ಎಂಬ ಮರದ ರಾಳದ (ರಸ್ತೆಯ ಡಾಮರಲ್ಲ) ವಾರ್ನಿಷ್ ಬಳಿಯುತ್ತಿದ್ದರು. ಬಳಿದಾಗ ತಿಳಿಯಾಗಿರುವ ಅದು ಗಾಳಿ, ಬೆಳಕು ತಾಗಿ ಕೆಲವು ದಶಕಗಳಲ್ಲಿ ಹಳದಿಯಾಗುತ್ತದೆ. ಹಳದಿ ಎಲೆಗಳ ಮೇಲೆ ಈ ಪೊರೆ ಇದ್ದರೂ ಗೊತ್ತಾಗುವುದಿಲ್ಲ, ಕೆಲವೊಮ್ಮೆ ಚಂದವೇ ಕಾಣುತ್ತದೆ. ಹಾಗಾಗಿ ಎಲೆ ಬಿಟ್ಟು ಆಕಾಶ ನೋಡಿ. ಮರಗಳ ಸಂದಿನ ನೀಲಿ ಹಸಿರಿಗೆ ತಿರುಗಿದೆಯೇ? ಬಿಳಿ ಮೋಡ ಚಹಾದ ಕಲೆಯಂತಿದೆಯೇ? ದೂರದ ಬೆಟ್ಟ ನೀಲಿ ಕಳೆದುಕೊಂಡು ಹತ್ತಿರದ ಬಂಡೆಗೆ ಅಂಟಿಕೊಂಡಂತೆ, ಕಮರಿಯ ಆಳವೇ ಹೋದಂತೆ ಕಾಣುತ್ತಿದೆಯೇ? ಹಾಗಿದ್ದರೆ ಅದು ವಾರ್ನಿಷ್. ನೀರಿನ ಸಾಕ್ಷಿ ಮಾತ್ರ ನಂಬಬೇಡಿ. ಯಾರ್ಕ್‌ಷೈರ್, ಸ್ಕಾಟ್ಲೆಂಡ್‌ಗಳ ಎಷ್ಟೋ ನದಿಗಳು ಪೀಟ್, ಅಂದರೆ ಅರೆಕೊಳೆತ ಗಿಡಗಳು ಸೇರಿದ ಜೌಗು ನೆಲದಿಂದ ಇಳಿದು ಬರುವುದರಿಂದ ಅವುಗಳ ನೀರು ನಿಜಕ್ಕೂ ಕಂದು.

ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಹಳೆಯ ರಾಳ ಹಾಲುಹಸಿರಾಗಿ ಹೊಳೆಯುತ್ತದೆ. ಈಚೆಗೆ ತೇಪೆ ಹಾಕಿದ ಬಣ್ಣ ಅದರ ಮೇಲೆ ಕಪ್ಪು ಮಚ್ಚೆಯಾಗಿ ಕಾಣುತ್ತದೆ.

ಬಂಡೆಯಡಿಯ ಕಗ್ಗತ್ತಲೆಯ ಕಥೆ ಬೇರೆ. ನೆರಳಿಗೆ ಬೆಚ್ಚನೆಯ ಕಂದು ಬರಲೆಂದು ಹಲವರು ಬಿಟುಮೆನ್ ಎಂಬ ಟಾರಿನಂಥ ಕಪ್ಪುಕಂದು ವಸ್ತು ಬಳಸಿದರು. ಅದು ಪೂರ್ತಿ ಒಣಗುವುದೇ ಇಲ್ಲ. ಮೇಲಿನ ಬಣ್ಣ ಬೇಗ ಒಣಗಿ ಕುಗ್ಗುತ್ತದೆ, ಕೆಳಗಿನದು ಜಾರುತ್ತದೆ, ಅಗಲವಾದ ಬಿರುಕುಗಳು ಬೀಳುತ್ತವೆ. ವಾರ್ನಿಷ್ ತೆಗೆದರೂ ಈ ಬಿರುಕು ಹೋಗದು. ಈ ಕಂದುಮೋಹವನ್ನು ಬಿಟ್ಟು ಬೆಳ್ಳನೆಯ ತಳದ ಮೇಲೆ ತೆಳುವಾಗಿ ಬರೆದವರು ಪ್ರೀ-ರಾಫಲೈಟರೆಂಬ ಇಂಗ್ಲಿಷ್ ಕಲಾವಿದರ ಗುಂಪು. ಅವರಲ್ಲೊಬ್ಬನಾದ ಮಿಲೇ 1853ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಫಿನ್ಲಾಸ್‌ನಲ್ಲಿ ತೊರೆಯ ಪಕ್ಕದಲ್ಲೇ ಕೂತು ಶುರುಮಾಡಿದ, ಕಲಾವಿಮರ್ಶಕ ರಸ್ಕಿನ್‌ನ ಭಾವಚಿತ್ರ ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಅದರ ಬಂಡೆಗಳು ಬೂದಿ, ನೊರೆ ಬಿಳಿ. ಆ ಕಾಲದವರ ಕಣ್ಣಿಗೆ ಜಗತ್ತು ಕಂದಾಗಿಯೇನೂ ಇರಲಿಲ್ಲ.

ಮಾಸಿದ ಬಣ್ಣಗಳೂ ಇವೆ. ಸಸ್ಯಮೂಲದ ಹಳದಿಯನ್ನು ಪ್ರಷ್ಯನ್ ನೀಲಿಗೆ ಬೆರೆಸಿ ಹಸಿರು ಮಾಡಿದ್ದರೆ, ಬೆಳಕಿಗೆ ಹಳದಿ ಹಾರಿ ಮರ ನೀಲಿಯಾಗಿ ಉಳಿಯುತ್ತದೆ. ಚೌಕಟ್ಟಿನ ಅಂಚು ಮುಚ್ಚಿದ್ದ ಪಟ್ಟಿಯಲ್ಲಿ ಕೆಲವೊಮ್ಮೆ ಮೂಲ ಹಸಿರು ಸಿಗುತ್ತದೆ. ಇನ್ನು ಕ್ರೋಮ್ ಹಳದಿ ಮಾಸುವುದಿಲ್ಲ, ಕಂದಾಗುತ್ತದೆ.

ಇಡೀ ಕಾಡು ಕಡುಗೆಂಪಾಗಿದ್ದರೆ ಅದು ಇಂಗ್ಲೆಂಡೇ ಎಂದು ಮೊದಲು ಅನುಮಾನಿಸಿ. ಅಲ್ಲಿ ಬರ್ಚ್ ಹಳದಿ, ಬೀಚ್ ಕಿತ್ತಳೆ, ಓಕ್ ತಾಮ್ರ. ಕೆಂಪು ಕಮ್ಮಿ. ಅಮೆರಿಕದ ಜಾಸ್ಪರ್ ಕ್ರಾಪ್ಸಿ 1860ರಲ್ಲಿ ಹಡ್ಸನ್ ನದಿಯ ಶರತ್ಕಾಲವನ್ನು ಲಂಡನ್ನಿನಲ್ಲಿ ತೋರಿಸಿದಾಗ ಜನ ಆ ಬಣ್ಣ ನಂಬಲಿಲ್ಲವಂತೆ. ಅವನು ಊರಿನಿಂದ ತರಿಸಿದ ನಿಜವಾದ ಎಲೆಗಳನ್ನು ಚಿತ್ರದ ಪಕ್ಕದಲ್ಲಿಟ್ಟ.

ಇಂಥ ಚಿತ್ರ ನಿಮ್ಮ ಮನೆಯಲ್ಲಿದ್ದರೆ ಆಲೂಗಡ್ಡೆ, ಬ್ರೆಡ್ಡು, ಸೋಪು ಯಾವುದನ್ನೂ ಉಜ್ಜಬೇಡಿ. ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಬಣ್ಣ ಎಲ್ಲೂ ಏಳುತ್ತಿಲ್ಲವಾದರೆ ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯಬಹುದು, ಅಷ್ಟೇ. ಉಳಿದದ್ದು ಸಂರಕ್ಷಕರ ಕೆಲಸ. ಅವರು ಅಂಚಿನಲ್ಲಿ ಕೆಲವೇ ಮಿಲಿಮೀಟರ್ ಜಾಗದಲ್ಲಿ ದ್ರಾವಕದ ಹತ್ತಿಯುಂಡೆ ಹೊರಳಿಸುತ್ತಾರೆ. ಹತ್ತಿ ಹಳದಿಯಾದರೆ ವಾರ್ನಿಷ್ ಬರುತ್ತಿದೆ. ಹತ್ತಿಗೆ ಹಸಿರೋ ಕೆಂಪೋ ಹತ್ತಿತೆಂದರೆ ಅಲ್ಲಿಗೇ ನಿಲ್ಲಿಸುತ್ತಾರೆ: ಕಲಾವಿದರು ಅಗಸೆ ಎಣ್ಣೆಯ ಜೊತೆ ಮಾಸ್ಟಿಕ್ಕನ್ನು ಬಣ್ಣಕ್ಕೇ ಕಲಸಿದ್ದಿರಬಹುದು, ಆಗ ವಾರ್ನಿಷ್ ಕರಗಿಸುವ ದ್ರಾವಕ ಚಿತ್ರವನ್ನೂ ಕರಗಿಸುತ್ತದೆ.